ಹುಟ್ಟುಗುಣವೂ ಮದ್ಯವ್ಯಸನವೂ

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಮಾತು ಚಿಕ್ಕದು, ಆದರೆ ಅದು ಕೆಲವರ ಎದೆಯ ಮೇಲೆ ಎಷ್ಟು ಭಾರವಾಗಿ ಕುಳಿತುಕೊಳ್ಳಬಲ್ಲುದೆಂಬುದು ನನಗೆ ತಿಳಿದುದು ಇತ್ತೀಚೆಗೆ. ಒಂದು ಪ್ರೌಢಶಾಲೆಯಲ್ಲಿ ಅನುವಂಶೀಯತೆಯನ್ನು ಕುರಿತು ಮಾತನಾಡಲು ಹೋಗಿದ್ದೆ. ಮೆಂಡೆಲನ ಬಟಾಣಿ ಗಿಡಗಳ ಕಥೆಯನ್ನು ಹೇಳಿದುದಾಯಿತು, ಭಾಷಣವೂ ಮುಗಿಯಿತು. ಹುಡುಗರೆಲ್ಲ ಹೊರಟುಹೋದ ಮೇಲೆ ಹತ್ತನೆಯ ತರಗತಿಯ ಒಬ್ಬ ಹುಡುಗ ಮಾತ್ರ ಬಾಗಿಲ ಬಳಿ ನಿಂತಿದ್ದನು. ಹತ್ತಿರಕ್ಕೆ ಕರೆದಾಗ ಮೆಲ್ಲನೆ ಕೇಳಿದನು: “ಸಾರ್, ನಮ್ಮಪ್ಪ ಕುಡೀತಾರೆ. ತಾತನೂ ಕುಡೀತಿದ್ದರಂತೆ. ಅದು ನಿನ್ನ ರಕ್ತದಲ್ಲೇ ಇದೆ, ನೀನೂ ಹಾಗೇ ಆಗ್ತೀಯ ಅಂತ ನಮ್ಮೂರಲ್ಲಿ ಅಂತಾರೆ. ನಿಜವಾ ಸಾರ್?”

“ಹಾಗೇನೂ ಇಲ್ಲಪ್ಪ, ನೀನು ಚೆನ್ನಾಗಿ ಓದು” ಎಂದುಬಿಟ್ಟೆ. ಅದು ಸಮಾಧಾನದ ಮಾತಾಗಿತ್ತೇ ಹೊರತು ವಿಜ್ಞಾನದ ಮಾತಾಗಿರಲಿಲ್ಲ. ಹುಡುಗನು ತಲೆಯಾಡಿಸಿ ಹೊರಟುಹೋದನು. ಅವನಿಗೆ ಸಮಾಧಾನವಾದಂತೆಯೂ ಕಾಣಲಿಲ್ಲ. ಅವನ ಪ್ರಶ್ನೆಗೆ “ಹೌದು” ಎಂದರೂ ತಪ್ಪು, “ಇಲ್ಲ” ಎಂದರೂ ತಪ್ಪು. ಸರಿಯಾದ ಉತ್ತರವು ತುಸು ಉದ್ದವಾದುದು. ಅದನ್ನು ತಿಳಿಯುವ ಹಕ್ಕು ಅವನಿಗೂ, ಅವನಂತೆ ಕೇಳುವ ಧೈರ್ಯವಿಲ್ಲದೆ ಸುಮ್ಮನೆ ಮನೆಗೆ ಹೋದ ಇತರ ಹುಡುಗ ಹುಡುಗಿಯರಿಗೂ ಉಂಟು. ಆ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಕುಡುಕನ ಮಗ ಕುಡುಕನಾಗುವುದನ್ನು ನಾವು ಕಂಡಿಲ್ಲವೆ? ಕಂಡಿದ್ದೇವೆ. ಆದರೆ ಕಂಡುದರಿಂದ ಏನನ್ನು ತೀರ್ಮಾನಿಸಬೇಕೆಂಬುದು ಬೇರೆ ಪ್ರಶ್ನೆ. ತಂದೆಯಿಂದ ಮಗನಿಗೆ ಬರುವುದು ವಂಶವಾಹಿಗಳು, ಎಂದರೆ ಜೀನ್‌ಗಳು, ಮಾತ್ರವೇ ಅಲ್ಲ. ಮನೆಯೂ ಬರುತ್ತದೆ, ಬಡತನವೋ ಸಿರಿತನವೋ ಬರುತ್ತದೆ, ಗೂಡಿನಲ್ಲಿಟ್ಟ ಸೀಸೆಯೂ, ಸಂಜೆಯಾಯಿತೆಂದರೆ ಆರಂಭವಾಗುವ ಜಗಳವೂ, ದುಃಖಕ್ಕೆ ಇದೇ ಮದ್ದು ಎಂಬ ನಂಬಿಕೆಯೂ ಬರುತ್ತವೆ. ಕನ್ನಡವನ್ನಾಡುವ ತಂದೆತಾಯಿಗಳ ಮಕ್ಕಳು ಕನ್ನಡವನ್ನೇ ಆಡುತ್ತಾರೆ. ಹಾಗೆಂದು ಕನ್ನಡವು ಅವರ ರಕ್ತದಲ್ಲಿದೆ ಎಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ. ಅದೇ ಕೂಸನ್ನು ಪ್ಯಾರಿಸ್ಸಿನಲ್ಲಿ ಬೆಳೆಸಿದ್ದರೆ ಅದು ಫ್ರೆಂಚನ್ನು ಆಡುತ್ತಿತ್ತು. ಆದುದರಿಂದ ಒಂದು ಗುಣವು ವಂಶದಲ್ಲಿ ಹರಿದುಬಂದಂತೆ ತೋರಿದಮಾತ್ರಕ್ಕೆ ಅದು ವಂಶವಾಹಿಗಳ ಮೂಲಕವೇ ಬಂದಿತೆಂದು ಸಿದ್ಧವಾಗುವುದಿಲ್ಲ. ಹುಟ್ಟನ್ನೂ ಬೆಳೆವಣಿಗೆಯನ್ನೂ ಬೇರ್ಪಡಿಸಿ ನೋಡಬೇಕು.

ಬೇರ್ಪಡಿಸುವುದು ಹೇಗೆ? ಮನುಷ್ಯರ ಮೇಲೆ ನಾವಾಗಿ ಇಂಥ ಪ್ರಯೋಗವನ್ನು ಮಾಡಲಾಗದು. ಆದರೆ ಸಮಾಜವೇ ಕೆಲವೊಮ್ಮೆ ಪ್ರಯೋಗವನ್ನು ಒದಗಿಸಿಕೊಡುತ್ತದೆ. ದತ್ತು ಹೋದ ಮಕ್ಕಳಲ್ಲಿ ಹುಟ್ಟು ಒಂದು ಕಡೆಯದು, ಬೆಳೆವಣಿಗೆ ಮತ್ತೊಂದು ಕಡೆಯದು. ಡೆನ್ಮಾರ್ಕ್ ದೇಶದಲ್ಲಿ ದತ್ತಕದ ದಾಖಲೆಗಳನ್ನು ಬಹು ಎಚ್ಚರಿಕೆಯಿಂದ ಇಟ್ಟಿದ್ದರು. ಅಮೆರಿಕದ ಡೊನಾಲ್ಡ್ ಗುಡ್‌ವಿನ್ ಎಂಬ ಮನೋವೈದ್ಯರೂ ಅವರ ಸಂಗಡಿಗರೂ ಈ ದಾಖಲೆಗಳನ್ನು ಬಳಸಿಕೊಂಡು ೧೯೭೩ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹುಟ್ಟಿದ ಕೆಲವೇ ವಾರಗಳಲ್ಲಿ ಹೆತ್ತವರಿಂದ ಬೇರೆಯಾಗಿ, ಬಂಧುಗಳಲ್ಲದವರ ಮನೆಯಲ್ಲಿ ಬೆಳೆದ ಗಂಡುಮಕ್ಕಳನ್ನು ಅವರು ಆರಿಸಿಕೊಂಡರು. ಇವರಲ್ಲಿ ೫೫ ಮಂದಿಯ ಹೆತ್ತ ತಂದೆಯೋ ತಾಯಿಯೋ ಮದ್ಯವ್ಯಸನಕ್ಕಾಗಿ ಆಸ್ಪತ್ರೆಯನ್ನು ಸೇರಿದ್ದವರು; ಉಳಿದ ೭೮ ಮಂದಿಯ ಹೆತ್ತವರಿಗೆ ಅಂಥ ಚರಿತ್ರೆಯಿರಲಿಲ್ಲ. ಮಕ್ಕಳು ಪ್ರಾಯಕ್ಕೆ ಬಂದಮೇಲೆ ನೋಡಲಾಗಿ, ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೧೮ರಷ್ಟೂ, ಎರಡನೆಯ ಗುಂಪಿನಲ್ಲಿ ನೂರಕ್ಕೆ ೫ರಷ್ಟೂ ಮದ್ಯವ್ಯಸನಿಗಳು ಕಂಡುಬಂದರು.

ವ್ಯತ್ಯಾಸವು ಮೂರು ನಾಲ್ಕು ಪಟ್ಟು. ಹೆತ್ತ ತಂದೆಯನ್ನು ಕಣ್ಣಿನಿಂದ ಕಾಣದ, ಅವನ ಸೀಸೆಯನ್ನು ಮುಟ್ಟದ ಮಗನಿಗೂ ಅವನಿಂದ ಏನೋ ಒಂದು ಬಂದಿತ್ತೆಂಬುದು ಇದರಿಂದ ಸ್ಪಷ್ಟ. ಆದುದರಿಂದ ಹುಡುಗನಿಗೆ ನಾನು ಕೊಟ್ಟ “ಹಾಗೇನೂ ಇಲ್ಲ” ಎಂಬ ಉತ್ತರವು ಸುಳ್ಳಾಯಿತು. ಆದರೆ ಅದೇ ಅಂಕೆಗಳನ್ನು ತಿರುಗಿಸಿ ಓದಿರಿ. ಮದ್ಯವ್ಯಸನಿಗಳಿಗೆ ಹುಟ್ಟಿದ ಆ ಗಂಡುಮಕ್ಕಳಲ್ಲಿ ನೂರಕ್ಕೆ ೮೨ರಷ್ಟು ಜನ ವ್ಯಸನಿಗಳಾಗಲಿಲ್ಲ! ಊರವರು ನುಡಿದ ಭವಿಷ್ಯವೂ ಸುಳ್ಳಾಯಿತು. ಒಂದೇ ಅಧ್ಯಯನ ಎರಡು ಕಡೆಯ ಅತಿಮಾತನ್ನೂ ತಿದ್ದುತ್ತದೆ.

ಎರಡನೆಯ ಸಾಕ್ಷ್ಯವು ಅವಳಿ ಮಕ್ಕಳದು. ಅವಳಿಗಳಲ್ಲಿ ಎರಡು ಬಗೆ. ಒಂದೇ ಅಂಡವು ಒಡೆದು ಇಬ್ಬರಾದವರಲ್ಲಿ ವಂಶವಾಹಿಗಳು ಒಂದೇ. ಎರಡು ಅಂಡಗಳಿಂದ ಹುಟ್ಟಿದವರು ಸಾಮಾನ್ಯ ಅಣ್ಣತಮ್ಮಂದಿರಷ್ಟೇ ಹೋಲುವರು. ಎರಡು ಬಗೆಯವರೂ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಬೆಳೆಯುವುದರಿಂದ, ಮೊದಲ ಬಗೆಯವರಲ್ಲಿ ಕಾಣುವ ಹೆಚ್ಚಿನ ಹೋಲಿಕೆಯನ್ನು ವಂಶವಾಹಿಗಳ ಲೆಕ್ಕಕ್ಕೆ ಬರೆಯಬಹುದು. ನಾನಾ ದೇಶಗಳಲ್ಲಿ ನಡೆದ ಇಂಥ ಅವಳಿ ಮತ್ತು ದತ್ತಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಮದ್ಯವ್ಯಸನಕ್ಕೆ ಈಡಾಗುವಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಗಳಲ್ಲಿ ಸುಮಾರು ಅರ್ಧದಷ್ಟು ಅನುವಂಶೀಯವಾದುದು.

ಈ “ಅರ್ಧ” ಎಂಬ ಮಾತನ್ನು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಒಬ್ಬ ವ್ಯಸನಿಯ ಕುಡಿತದಲ್ಲಿ ಅರ್ಧ ಸೀಸೆ ವಂಶದ್ದು, ಉಳಿದರ್ಧ ಸಹವಾಸದ್ದು ಎಂದು ಇದರ ಅರ್ಥವಲ್ಲ. ಕುಡುಕನ ಮಗನು ಕುಡುಕನಾಗುವ ಸಂಭವ ನೂರಕ್ಕೆ ೫೦ ಎಂದೂ ಅರ್ಥವಲ್ಲ. ರಾಗಿಯ ಹೊಲವನ್ನು ನೆನೆಯಿರಿ. ಹಲವು ತಳಿಗಳ ಬೀಜವನ್ನು ಬೆರೆಸಿ ಒಂದೇ ಸಮನಾದ ಹೊಲದಲ್ಲಿ ಬಿತ್ತಿದರೆ, ಪೈರಿನಿಂದ ಪೈರಿಗೆ ಕಾಣುವ ವ್ಯತ್ಯಾಸವೆಲ್ಲ ಬೀಜದಿಂದ ಬಂದುದು. ಒಂದೇ ತಳಿಯ ಬೀಜವನ್ನು ಗೊಬ್ಬರ ಬಿದ್ದ ಹೊಲದಲ್ಲಿಯೂ ಕಲ್ಲುನೆಲದಲ್ಲಿಯೂ ಬಿತ್ತಿದರೆ ವ್ಯತ್ಯಾಸವೆಲ್ಲ ನೆಲದಿಂದ ಬಂದುದು. ಆದರೆ ಒಂದು ತೆನೆಯನ್ನು ಕೈಯಲ್ಲಿ ಹಿಡಿದು, ಇದರಲ್ಲಿ ಎಷ್ಟು ಕಾಳು ಬೀಜದ್ದು, ಎಷ್ಟು ಕಾಳು ನೆಲದ್ದು ಎಂದು ಕೇಳುವುದು ಅರ್ಥವಿಲ್ಲದ ಪ್ರಶ್ನೆ. “ಅರ್ಧ” ಎಂಬುದು ಇಡೀ ಹೊಲದ ಲೆಕ್ಕವೇ ಹೊರತು ಒಂದು ತೆನೆಯ ಲೆಕ್ಕವಲ್ಲ. ಜನಸಮೂಹದ ಲೆಕ್ಕವೇ ಹೊರತು ಬಾಗಿಲ ಬಳಿ ನಿಂತ ಹುಡುಗನ ಜಾತಕವಲ್ಲ.

ಹಾಗಾದರೆ ವಂಶದಲ್ಲಿ ಬರುವುದಾದರೂ ಏನು? ಕುಡಿತವೇ ಬರುವುದಿಲ್ಲವಷ್ಟೆ, ಸೀಸೆಯ ಕಡೆಗೆ ಕೈ ನೀಡಿಕೊಂಡು ಯಾವ ಕೂಸೂ ಹುಟ್ಟುವುದಿಲ್ಲ. ಬರುವುವು ಮೈಯ ಕೆಲವು ಲಕ್ಷಣಗಳು. ಇವುಗಳಲ್ಲಿ ಬಹು ಚೆನ್ನಾಗಿ ತಿಳಿದುಬಂದಿರುವುದು ಯಕೃತ್ತಿನ ವ್ಯವಹಾರ. ಕುಡಿದ ಮದ್ಯಸಾರವನ್ನು ಯಕೃತ್ತು ಎರಡು ಹೆಜ್ಜೆಗಳಲ್ಲಿ ನಿವಾರಿಸುತ್ತದೆ. ಮೊದಲು ಒಂದು ಕಿಣ್ವವು ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವನ್ನಾಗಿ ಮಾರ್ಪಡಿಸುವುದು. ಆ ಕೂಡಲೇ ಮತ್ತೊಂದು ಕಿಣ್ವವು ಅದನ್ನು ನಿರಪಾಯಕಾರಿಯಾದ ಅಸಿಟೇಟ್ ಆಗಿ ಮಾಡುವುದು. ಎರಡನೆಯ ಹೆಜ್ಜೆ ತಡವಾದರೆ ವಿಷವು ರಕ್ತದಲ್ಲಿ ನಿಲ್ಲುತ್ತದೆ. ಮುಖ ಕೆಂಪೇರುವುದು, ಎದೆ ಡವಗುಟ್ಟುವುದು, ತಲೆನೋವು, ಓಕರಿಕೆ ಇವೆಲ್ಲ ಆಗ ತೋರುತ್ತವೆ.

ಚೀನ, ಜಪಾನ್, ಕೊರಿಯ ಮುಂತಾದ ಪೂರ್ವ ಏಷ್ಯದ ದೇಶಗಳಲ್ಲಿ ನೂರಕ್ಕೆ ಸುಮಾರು ೩೬ ಮಂದಿಗೆ ಇಂಥ ಅನುಭವವು ಹುಟ್ಟಿನಿಂದಲೇ ಇರುತ್ತದೆ. ಎರಡನೆಯ ಕಿಣ್ವವನ್ನು ರೂಪಿಸುವ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಕಿಣ್ವದಲ್ಲಿ ಒಂದು ಅಮೈನೋ ಆಮ್ಲದ ಸ್ಥಾನದಲ್ಲಿ ಮತ್ತೊಂದು ಬಂದು ಕುಳಿತಿರುವುದೇ ಇದಕ್ಕೆ ಕಾರಣ. ತಂದೆ ತಾಯಿ ಇಬ್ಬರಿಂದಲೂ ಈ ಬದಲಾದ ಪ್ರತಿಯನ್ನು ಪಡೆದವರು ಮದ್ಯವನ್ನು ಸಹಿಸಲಾರರು. ಅವರಲ್ಲಿ ವ್ಯಸನಿಗಳು ಇಲ್ಲವೆಂದರೂ ಸಲ್ಲುತ್ತದೆ. ಒಬ್ಬರಿಂದ ಮಾತ್ರ ಪಡೆದವರಿಗೂ ಅದೊಂದು ರಕ್ಷೆಯಂತಿರುವುದು. ಆದರೆ ಇಂಥವರು ಹಟ ಹಿಡಿದು ಕುಡಿದರೆ ಅನ್ನನಾಳದ ಕ್ಯಾನ್ಸರಿಗೆ ಈಡಾಗುವ ಅಪಾಯವು ಇತರರಿಗಿಂತ ಬಹಳ ಹೆಚ್ಚು. ನಮ್ಮ ದೇಶದ ಬಹುಭಾಗದ ಜನರಲ್ಲಿ ಈ ಬದಲಾವಣೆ ಅಪರೂಪ; ಆದುದರಿಂದ ಈ ರಕ್ಷೆಯನ್ನು ನಾವು ನೆಚ್ಚುವಂತಿಲ್ಲ.

ಪ್ರಕೃತಿಯ ಈ ಉಪಾಯವನ್ನೇ ಮನುಷ್ಯನು ಅರಿಯದೆ ಮಾತ್ರೆಯಲ್ಲಿ ಕಂಡುಕೊಂಡ ಕಥೆಯೊಂದುಂಟು. ಕೋಪನ್‌ಹೇಗನ್ ನಗರದಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್ ಎಂಬ ಇಬ್ಬರು ವಿಜ್ಞಾನಿಗಳು ಹೊಟ್ಟೆಯ ಹುಳುಗಳಿಗೆ ಮದ್ದಾಗಬಹುದೆಂದು ಡೈಸಲ್ಫಿರಾಮ್ ಎಂಬ ವಸ್ತುವನ್ನು ಪರೀಕ್ಷಿಸುತ್ತಿದ್ದರು. ಅದರಿಂದ ತೊಂದರೆಯುಂಟೇ ಎಂದು ತಿಳಿಯಲು ತಾವೇ ಅದನ್ನು ನುಂಗಿದರು. ಬೇರೇನೂ ಆಗಲಿಲ್ಲ, ಆದರೆ ಸ್ವಲ್ಪ ಮದ್ಯವನ್ನು ಕುಡಿದೊಡನೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಹೊಟ್ಟೆ ತೊಳಸತೊಡಗಿತು. ಎರಡನೆಯ ಕಿಣ್ವವನ್ನು ಆ ವಸ್ತು ತಡೆಹಿಡಿದಿತ್ತು! ೧೯೪೮ರಲ್ಲಿ ಇದು ಪ್ರಕಟವಾಯಿತು. ಕುಡಿತವನ್ನು ಬಿಡಬೇಕೆಂದು ನಿಶ್ಚಯಿಸಿದವರಿಗೆ ವೈದ್ಯರು ತಮ್ಮ ಉಸ್ತುವಾರಿಯಲ್ಲಿ ಈ ಮಾತ್ರೆಯನ್ನು ಇಂದಿಗೂ ಕೊಡುವುದುಂಟು. ಕೆಲವರಿಗೆ ಹುಟ್ಟಿನಿಂದ ಬಂದುದನ್ನು ಇನ್ನು ಕೆಲವರಿಗೆ ಮಾತ್ರೆಯ ಮೂಲಕ ಒದಗಿಸಲು ಬರುವುದಾದರೆ, ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯ ಬಿಗಿ ಸ್ವಲ್ಪ ಸಡಿಲವಾಯಿತಲ್ಲವೆ?

ಈ ಗಾದೆಯನ್ನು ಇನ್ನಷ್ಟು ಸಡಿಲಿಸುವ ಸಾಕ್ಷ್ಯವು ಜಪಾನಿನಿಂದ ಬಂದಿದೆ. ಈ ವಿಷಯದಲ್ಲಿ ನಾನು ಓದಿದ ಎಲ್ಲ ಅಧ್ಯಯನಗಳಲ್ಲಿ ಇದಕ್ಕಿಂತ ಹೆಚ್ಚು ಪಾಠ ಹೇಳುವುದು ಬೇರೊಂದಿಲ್ಲ. ಅಲ್ಲಿನ ಮದ್ಯವ್ಯಸನಿಗಳ ರಕ್ತವನ್ನು ಬೇರೆ ಬೇರೆ ವರ್ಷಗಳಲ್ಲಿ ಪರೀಕ್ಷಿಸಿ, ಅವರಲ್ಲಿ ಎಷ್ಟು ಮಂದಿಗೆ ಆ ರಕ್ಷಕ ವಂಶವಾಹಿಯ ಒಂದು ಪ್ರತಿ ಇದೆಯೆಂದು ಎಣಿಸಿದರು. ೧೯೭೯ರಲ್ಲಿ ನೂರಕ್ಕೆ ೨.೫, ೧೯೮೬ರಲ್ಲಿ ೮, ೧೯೯೨ರಲ್ಲಿ ೧೩. ರಕ್ಷೆಯಿದ್ದೂ ವ್ಯಸನಕ್ಕೆ ಬಿದ್ದವರ ಪಾಲು ಹದಿಮೂರು ವರ್ಷಗಳಲ್ಲಿ ಐದು ಪಟ್ಟಾಯಿತು. ಒಂದು ಜನಾಂಗದ ವಂಶವಾಹಿಗಳು ಹದಿಮೂರು ವರ್ಷಗಳಲ್ಲಿ ಹೀಗೆ ಬದಲಾಗಲಾರವು. ಬದಲಾದುದು ಸಮಾಜ. ಕುಡಿತವು ಸುಲಭವಾಗಿ, ಕಚೇರಿಯ ಕೆಲಸ ಮುಗಿದ ಮೇಲೆ ಮೇಲಧಿಕಾರಿಯೊಡನೆಯೂ ಗೆಳೆಯರೊಡನೆಯೂ ಕುಳಿತು ಕುಡಿಯುವುದು ಮರ್ಯಾದೆಯ ಮಾತಾದಾಗ, ಪ್ರಕೃತಿ ಕಟ್ಟಿದ ಬೇಲಿಯನ್ನೂ ಜನರು ದಾಟಿದರು. ರಕ್ಷಿಸುವ ವಂಶವಾಹಿಯನ್ನೇ ಸಮಾಜವು ಸೋಲಿಸಬಲ್ಲುದಾದರೆ, ಕೆಡುಕಿನ ಕಡೆಗೆ ಎಳೆಯುವ ವಂಶವಾಹಿಯನ್ನು ಸೋಲಿಸುವ ಶಕ್ತಿಯೂ ಸಮಾಜಕ್ಕೆ ಇರಲೇಬೇಕೆಂದು ನನ್ನ ನಂಬಿಕೆ.

ಕೆಡುಕಿನ ಕಡೆಗೆ ಎಳೆಯುವುವು ಯಾವುವು? ಇಲ್ಲಿ ತರುಣರು ಗಮನಿಸಬೇಕಾದ ಒಂದು ಸಂಗತಿಯಿದೆ. “ಅವನು ಗಟ್ಟಿಗ, ಎಷ್ಟು ಕುಡಿದರೂ ತಲೆಗೇರುವುದಿಲ್ಲ” ಎಂದು ಗೆಳೆಯರು ಹೊಗಳುವುದನ್ನು ನೀವು ಕೇಳಿರಬಹುದು. ಅಮೆರಿಕದ ಮಾರ್ಕ್ ಶುಕಿಟ್ ಎಂಬ ವೈದ್ಯರು ಇಪ್ಪತ್ತರ ಆಸುಪಾಸಿನ ತರುಣರಿಗೆ ಅಳೆದ ಪ್ರಮಾಣದಲ್ಲಿ ಮದ್ಯಸಾರವನ್ನು ಕೊಟ್ಟು, ಅಮಲು ಎಷ್ಟೆಂದು ಅವರನ್ನೇ ಕೇಳಿ, ಅವರ ಮೈ ಎಷ್ಟು ತೂಗಾಡುವುದೆಂದು ಅಳೆದರು. ಇವರಲ್ಲಿ ಕೆಲವರು ವ್ಯಸನಿಗಳ ಮಕ್ಕಳು. ಸುಮಾರು ಹತ್ತು ವರ್ಷಗಳ ತರುವಾಯ ಅವರನ್ನು ಮತ್ತೆ ಕಂಡು ೧೯೯೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಸನಿಗಳ ಮಕ್ಕಳ ಪೈಕಿ, ಅಂದು ಅಮಲನ್ನು ಕಡಿಮೆ ತೋರಿಸಿದ್ದವರಲ್ಲಿ ನೂರಕ್ಕೆ ೫೬ ಮಂದಿ ವ್ಯಸನಿಗಳಾಗಿದ್ದರು. ಬೇಗ ಅಮಲೇರಿದ್ದವರಲ್ಲಿ ನೂರಕ್ಕೆ ೧೪ ಮಂದಿ ಮಾತ್ರ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಸಾಕು ಎಂದು ಹೇಳುವ ಗಂಟೆ ಒಬ್ಬನ ಮೈಯಲ್ಲಿ ಬೇಗನೆ ಬಾರಿಸುತ್ತದೆ. ಮತ್ತೊಬ್ಬನಲ್ಲಿ ಬಹಳ ತಡವಾಗಿ ಬಾರಿಸುತ್ತದೆ. ತಡವಾಗಿ ಬಾರಿಸುವವನು ಗಟ್ಟಿಗನೆಂದು ಹೊಗಳಿಸಿಕೊಂಡು ಮತ್ತಷ್ಟು ಕುಡಿಯುವನು. ಗೆಳೆಯರು ಬಲವೆಂದು ತಿಳಿದುದೇ ಅವನ ಅಪಾಯದ ಗುರುತು.

ಇನ್ನೊಂದು ಗುರುತು ಮಿದುಳಿನದು. ೧೯೮೪ರಲ್ಲಿ ನ್ಯೂಯಾರ್ಕಿನ ಹೆನ್ರಿ ಬೆಗ್ಲೈಟರ್ ಮತ್ತು ಸಂಗಡಿಗರು, ಮದ್ಯವ್ಯಸನಿ ತಂದೆಯರ ೭ರಿಂದ ೧೩ ವರ್ಷದ, ಕುಡಿತವನ್ನೇ ಅರಿಯದ ಹುಡುಗರ ಮಿದುಳಿನ ವಿದ್ಯುತ್ ಅಲೆಗಳನ್ನು ಪರೀಕ್ಷಿಸಿದರು. ವಿಶೇಷವಾದ ಸಂಕೇತವೊಂದು ಕಂಡಾಗ, ಸೆಕೆಂಡಿನ ಹತ್ತರಲ್ಲಿ ಸುಮಾರು ಮೂರು ಭಾಗ ಕಳೆದ ಮೇಲೆ ಏಳುವ ಒಂದು ಅಲೆಯು ಈ ಹುಡುಗರಲ್ಲಿ ತಗ್ಗಾಗಿತ್ತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ವ್ಯಸನಿಗಳ ಮಕ್ಕಳಲ್ಲಿ ಇದೇ ಅಲೆಯನ್ನೂ ಮಿದುಳಿನ ರಚನೆಯನ್ನೂ ಅಭ್ಯಸಿಸಿದ್ದಾರೆ. ಚಡಪಡಿಕೆ, ಆತುರ, ಮನಸ್ಸಿಗೆ ಬಂದುದನ್ನು ಒಡನೆಯೇ ಮಾಡಿಬಿಡುವ ಸ್ವಭಾವ ಮುಂತಾದುವುಗಳೊಡನೆ ಇಂಥ ಗುರುತುಗಳಿಗೆ ನಂಟು ಕಂಡುಬಂದಿದೆ. ವಂಶದಲ್ಲಿ ಹರಿಯುವುದು ಕುಡಿತವಲ್ಲ, ಕುಡಿತಕ್ಕೆ ಸುಲಭವಾಗಿ ತುತ್ತಾಗುವ ಸ್ವಭಾವ ಎನ್ನಲು ಇದು ಆಧಾರ. ಇಂಥ ಸ್ವಭಾವದ ಹುಡುಗನು ಆಟದ ಮೈದಾನದಲ್ಲಿಯೋ ರಂಗಭೂಮಿಯಲ್ಲಿಯೋ ಹೆಸರು ಗಳಿಸಲೂ ಸಾಧ್ಯವಷ್ಟೆ.

ಹಾಗಿದ್ದರೆ ಆ ಒಂದು “ಕುಡಿತದ ವಂಶವಾಹಿ” ಯಾವುದೆಂದು ಕೇಳುವಿರಿ. ಅಂಥದೊಂದನ್ನು ಕಂಡುಹಿಡಿದಂತೆ ೧೯೯೦ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಮಿದುಳಿನಲ್ಲಿ ಡೋಪಮೀನ್ ಎಂಬ ವಸ್ತುವನ್ನು ಗ್ರಹಿಸುವ ಅಂಶಕ್ಕೆ ಸಂಬಂಧಿಸಿದ ವಂಶವಾಹಿಯ ಒಂದು ರೂಪವು ವ್ಯಸನಿಗಳಲ್ಲಿ ಹೆಚ್ಚಾಗಿ ಕಾಣುವುದೆಂದು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಬೇರೆಯವರು ಪರೀಕ್ಷಿಸಿದಾಗ ಕೆಲವರಿಗೆ ಅದು ಕಂಡಿತು, ಅನೇಕರಿಗೆ ಕಾಣಲಿಲ್ಲ. ಒಂದೇ ವಂಶವಾಹಿಯ ಕನಸು ಅಲ್ಲಿಗೆ ಮಸುಕಾಯಿತು. ೨೦೨೩ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಹೋಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ ೧೧೦ ತಾಣಗಳು ಗುರುತಿಗೆ ಬಂದುವು. ಒಂದೊಂದರ ಪ್ರಭಾವವೂ ಬಹುಮಟ್ಟಿಗೆ ಅಲ್ಪ. ಒಂದು ಹನಿ ರಕ್ತವನ್ನು ನೋಡಿ “ನೀನು ಕುಡುಕನಾಗುವೆ” ಎಂದು ಹೇಳುವ ಪರೀಕ್ಷೆ ಇಂದಿಗೂ ಇಲ್ಲ. ಹೇಳುವೆನೆಂದು ಯಾರಾದರೂ ಬಂದರೆ ಅವನನ್ನು ವಿಜ್ಞಾನಿಯೆಂದು ನಂಬಬೇಡಿರಿ.

ಇಷ್ಟೆಲ್ಲ ಸೂಕ್ಷ್ಮಗಳನ್ನು ಏಕೆ ಹೇಳಬೇಕಾಯಿತೆಂದರೆ, ಸೂಕ್ಷ್ಮವನ್ನು ಬಿಟ್ಟು “ರಕ್ತದಲ್ಲೇ ಇದೆ” ಎಂದು ನುಡಿದವರಿಂದ ಲೋಕಕ್ಕೆ ದೊಡ್ಡ ಅನ್ಯಾಯವಾಗಿದೆ. ಜರ್ಮನಿಯಲ್ಲಿ ನಾಜಿ ಸರ್ಕಾರವು ೧೯೩೩ರ ಜುಲೈ ತಿಂಗಳಿನಲ್ಲಿ ಒಂದು ಕಾನೂನನ್ನು ಮಾಡಿತು. ವಂಶಪಾರಂಪರ್ಯದ ರೋಗವುಳ್ಳವರೆಂದು ತೀರ್ಮಾನಿಸಿದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅದು ಅವಕಾಶವನ್ನಿತ್ತಿತು. ತೀವ್ರ ಮದ್ಯವ್ಯಸನಿಗಳನ್ನೂ ಅದರೊಳಕ್ಕೆ ಸೇರಿಸಲಾಗಿತ್ತು. ಆ ಕಾನೂನಿನ ಕೆಳಗೆ ಒಟ್ಟು ಸುಮಾರು ೪ ಲಕ್ಷ ಜನರು ಈ ಕ್ರೌರ್ಯಕ್ಕೆ ಗುರಿಯಾದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿಯೇ ಬ್ರಿಟಿಷ್ ಸರ್ಕಾರವು ೧೮೭೧ರಲ್ಲಿ ಮಾಡಿದ ಕಾನೂನೊಂದು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂಬಂತೆ ಪಟ್ಟಿಮಾಡಿತು. ೧೯೫೨ರಲ್ಲಿ ಆ ಕಾನೂನು ರದ್ದಾದರೂ ಅದು ಹಚ್ಚಿದ ಮಸಿ ಪೂರ್ತಿಯಾಗಿ ಅಳಿದಿಲ್ಲ. ಇಂಥ ಜಾತಿಯವರು ಕುಡುಕರು, ಇಂಥ ಕೇರಿಯವರು ಕುಡುಕರು ಎಂದು ಇಂದಿಗೂ ಹಗುರವಾಗಿ ಮಾತನಾಡುವವರು, ತಮ್ಮ ತಾತ್ಸಾರಕ್ಕೆ ವಿಜ್ಞಾನದ ಅಂಗಿಯನ್ನು ತೊಡಿಸಲು ಹವಣಿಸದಿರಲಿ. ಅವಳಿಗಳ ಅಧ್ಯಯನವಾಗಲಿ ದತ್ತಕರ ಅಧ್ಯಯನವಾಗಲಿ ಯಾವ ಜಾತಿಯ ಬಗೆಗೂ ಇಂಥ ತೀರ್ಪನ್ನು ಕೊಟ್ಟಿಲ್ಲ.

ಇದಕ್ಕೆ ಎದುರಾದ ಮತ್ತೊಂದು ತಪ್ಪೂ ಉಂಟು. “ವ್ಯಸನವು ವಂಶವಾಹಿಗಳ ದೋಷ, ಸಮಾಜವೇನು ಮಾಡೀತು?” ಎಂದು ಕೈಕಟ್ಟಿ ಕೂರುವುದೇ ಆ ತಪ್ಪು. ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೦ರಿಂದ ೭೫ ವರ್ಷದವರ ಪೈಕಿ ಸುಮಾರು ೧೬ ಕೋಟಿ ಜನರು ಮದ್ಯವನ್ನು ಸೇವಿಸುತ್ತಿದ್ದರು; ಅವರಲ್ಲಿ ಸುಮಾರು ೨.೯ ಕೋಟಿ ಜನರು ಅದಕ್ಕೆ ದಾಸರಾಗಿದ್ದರು. ಈ ದಾಸರಲ್ಲಿ ೩೮ ಮಂದಿಗೆ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತೆಂದು ಅದೇ ಸಮೀಕ್ಷೆ ಹೇಳುತ್ತದೆ. ಉಳಿದ ೩೭ ಮಂದಿಗೆ ದೊರೆತುದು ಬಹುಶಃ ಬೈಗುಳ. ಮಧುಮೇಹವೂ ವಂಶದಲ್ಲಿ ಬರುವುದುಂಟು. ಮಧುಮೇಹಿಯನ್ನು ನಾವು ಬೈಯುವುದಿಲ್ಲ, ವೈದ್ಯರ ಬಳಿಗೆ ಕಳುಹಿಸುತ್ತೇವೆ. ಮದ್ಯವ್ಯಸನಿಗೂ ಅದೇ ಸಲ್ಲಬೇಡವೆ? ನಮ್ಮ ಸಂವಿಧಾನದ ೪೭ನೆಯ ವಿಧಿ ಪಾನನಿರೋಧದ ಗುರಿಯನ್ನು ಸರ್ಕಾರದ ಮುಂದಿಟ್ಟಿದೆ. ಕರ್ನಾಟಕವು ೨೦೦೭ರ ಜುಲೈ ತಿಂಗಳಿನಿಂದ ಸಾರಾಯಿಯನ್ನು ನಿಷೇಧಿಸಿತು. ಆದರೆ ಬೇರೆ ಮದ್ಯಗಳ ಮೇಲಿನ ಅಬಕಾರಿ ಸುಂಕವು ಸರ್ಕಾರದ ಬೊಕ್ಕಸಕ್ಕೆ ದೊಡ್ಡ ಆದಾಯವಾಗಿಯೇ ಇದೆ. ಆ ಹಣದಲ್ಲಿ ತಕ್ಕ ಭಾಗವು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿ ವ್ಯಸನದ ಚಿಕಿತ್ಸೆಗೆ ಮೀಸಲಾಗಬೇಕೆಂದು ಕೇಳುವುದು ಅನುಚಿತವಲ್ಲ. ಬೀಜವನ್ನು ನಾವು ಬದಲಿಸಲಾರೆವು. ಹೊಲವು ನಮ್ಮ ಕೈಯಲ್ಲಿದೆ.

ಈಗ ಬಾಗಿಲ ಬಳಿ ನಿಂತ ಆ ಹುಡುಗನಿಗೆ ಉತ್ತರ ಹೇಳುತ್ತೇನೆ. ಮಗು, ಊರವರ ಮಾತು ಅರ್ಧ ನಿಜ, ಅರ್ಧ ಸುಳ್ಳು. ಇತರ ಹುಡುಗರಿಗಿಂತ ನಿನಗೆ ಅಪಾಯ ಹೆಚ್ಚೆಂಬುದು ನಿಜ. ಅದನ್ನು ಅಂದು ಮುಚ್ಚಿಟ್ಟುದು ನನ್ನ ತಪ್ಪು. ನೀನು ಹಾಗೆಯೇ ಆಗುವೆಯೆಂಬುದು ಸುಳ್ಳು. ನಿನ್ನಂಥವರಲ್ಲಿ ಹೆಚ್ಚು ಜನ ಹಾಗೆ ಆಗುವುದಿಲ್ಲ. ಕುಡಿಯದವನನ್ನು ಯಾವ ವಂಶವಾಹಿಯೂ ಕುಡುಕನನ್ನಾಗಿ ಮಾಡಲಾರದು. ಮೊದಲ ಲೋಟವನ್ನು ಎತ್ತುವುದು ಕೈ. ಹದಿನೈದು ವರ್ಷ ತುಂಬುವ ಮೊದಲೇ ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು ೪೦ ಮಂದಿ, ಇಪ್ಪತ್ತು ಕಳೆದ ಮೇಲೆ ತೊಡಗಿದವರಲ್ಲಿ ಸುಮಾರು ೧೦ ಮಂದಿ ಮುಂದೆ ಅದಕ್ಕೆ ದಾಸರಾದರೆಂದು ಅಮೆರಿಕದಲ್ಲಿ ೧೯೯೭ರಲ್ಲಿ ಪ್ರಕಟವಾದ ಲೆಕ್ಕವೊಂದು ಹೇಳುತ್ತದೆ. ಬೇಗ ತೊಡಗುವವರಲ್ಲಿ ಮೊದಲಿನಿಂದಲೇ ಬೇರೆ ಕಾರಣಗಳೂ ಇರಬಹುದು. ಆದರೂ ಎಚ್ಚರಕ್ಕೆ ಅಷ್ಟು ಸಾಕು. ಗೆಳೆಯರು ಲೋಟವನ್ನು ಮುಂದೆ ಒಡ್ಡಿದಾಗ “ನನ್ನ ಮೈಗೆ ಇದು ಒಗ್ಗುವುದಿಲ್ಲ” ಎಂದುಬಿಡು. ಅದು ಹೇಡಿತನದ ಮಾತಲ್ಲ. ವಿಜ್ಞಾನವೇ ನಿನ್ನ ಬೆನ್ನ ಹಿಂದಿದೆ.

ಮತ್ತೊಂದು ಮಾತು. ನಿನ್ನ ತಂದೆಯನ್ನು ಊರವರು ನೋಡುವಂತೆ ನೀನು ನೋಡಬೇಡ. ಅವರು ಹುಟ್ಟುವಾಗ ಈ ಎಚ್ಚರಿಕೆಯನ್ನು ಕೊಡುವವರು ಯಾರೂ ಇರಲಿಲ್ಲ. ನಿನಗೆ ಅದು ದೊರೆತಿದೆ. ಸಾಧ್ಯವಾದರೆ ಅವರ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗು. ಮನೆಯ ಹಿರಿಯರನ್ನೋ ನಿನ್ನ ಮೇಷ್ಟರನ್ನೋ ಜೊತೆಗೆ ಕರೆ. ಇದು ನೀನೊಬ್ಬನೇ ಹೊರಬೇಕಾದ ಭಾರವಲ್ಲ.